ಗೋಡೆ ಮೇಷ್ಟ್ರ ಪರವಾಗಿ ನಗಾರಿಯವಳು

ಆ ಊರಿಗೆ ಹೆಸರು ಇತ್ತೋ ಇಲ್ಲವೋ, ಅಲ್ಲಿಯವರು ಅದನ್ನು ಹೇಳಿದ್ದನ್ನು ಕೇಳಿದವರಿಲ್ಲ. "ಯಾವ ಕಡೆಯವರು ನೀವು?" ಎಂದು ಪರವೂರಿನಲ್ಲಿ ಯಾರಾದರೂ ವಿಚಾರಿಸಿದರೆ "ಮೂಡಣ ಮೆಟ್ಟಿಲಿನವರು" ಎನ್ನುತ್ತಿದ್ದರು, ಇಲ್ಲವೇ "ಪಡುವಣ ಮೆಟ್ಟಿಲಿನವರು" ಎನ್ನುತ್ತಿದ್ದರು. ಊರಿನ ನಡುವೆ ಬಟ್ಟಲಿನಂಥ ಒಂದು ಬಯಲು. ಬಯಲಿನ ಎರಡು ಬದಿಗೆ ಕಲ್ಲಿನ ಮೆಟ್ಟಿಲು. ಮೆಟ್ಟಿಲಿನ ಬೆನ್ನಿಗೆ ಮನೆಗಳು. ಎಲ್ಲ ಮನೆಯ ಕಿಟಕಿಯೂ ಬಯಲಿನ ಕಡೆಗೇ ತೆರೆಯುತ್ತಿತ್ತು, ಯಾಕೆಂದರೆ ಆ ಬಯಲಿನಲ್ಲಿ ಕಾಲ್ಚೆಂಡಿನ ಆಟ ನಡೆಯುತ್ತಿತ್ತು. ಚೆಂಡು ಪುಟಿಯುವ ಸದ್ದಿಗೆ ಹಸುಗೂಸುಗಳು ನಿದ್ದೆಹೋಗುತ್ತಿದ್ದವು. ಆ ಸದ್ದು ನಿಂತರೆ ಎದ್ದು ಅಳುತ್ತಿದ್ದವು.

ಊರಿಗೆ ಒಂದೇ ತಂಡ. ತಂಡಕ್ಕೆ ಒಡೆಯನಿಲ್ಲ. ತಂಡವನ್ನು ನಡೆಸುವ ಮೇಷ್ಟ್ರನ್ನು ಊರೇ ಆರಿಸಬೇಕು. ಆರಿಸುವುದಕ್ಕೆ ಒಂದು ಕಟ್ಟಳೆ ಇತ್ತು. ಆ ದಿನ ಮೂಡಣದವರ ಹಸಿರು ಶಾಲನ್ನು ಪಡುವಣದವರು ಹೊದೆಯಬೇಕು, ಪಡುವಣದವರ ಕೆಂಪು ಶಾಲನ್ನು ಮೂಡಣದವರು ಹೊದೆಯಬೇಕು. ಎರಡು ಕಡೆಯಿಂದಲೂ ಯಾರ ದನಿ ಎಲ್ಲರಿಗಿಂತ ದೊಡ್ಡದೋ ಅವರು ಬಯಲಿನ ನಡುವೆ ಬಂದು ನಿಲ್ಲಬೇಕು. ಯಾರ ಶಾಲು ಹೊದ್ದಿದ್ದಾರೋ ಅವರ ಮೇಷ್ಟ್ರ ಪರವಾಗಿ ಮಾತಾಡಬೇಕು.

ಎದುರಿನವರ ಶಾಲು ಹೊದ್ದುಕೊಂಡು ತನ್ನ ಕಡೆಯ ಮಾತನ್ನೇ ಆಡಲು ಹೋದವರ ಬಾಯಿಂದ ಮಾತು ಬರುತ್ತಿರಲಿಲ್ಲ, ಸೀಟಿ ಬರುತ್ತಿತ್ತು. ಆಟದಲ್ಲಿ ತಪ್ಪು ಕಂಡಾಗ ತೀರ್ಪುಗಾರ ಊದುತ್ತಾನಲ್ಲ, ಅಂಥದೇ ಉದ್ದನೆಯ ಸೀಟಿ. ಹೋಗಲಿ ಎಂದು ಬಾಯುಪಚಾರಕ್ಕೆ ಹೊಗಳಿದರೂ ಸೀಟಿಯೇ. ಹೀಗೇಕೆ ಎಂದು ಊರಿನಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನೀರು ಇಳಿಜಾರಿಗೆ ಹರಿಯುತ್ತದೆ, ಬೆಂಕಿ ಮೇಲಕ್ಕೆ ಏಳುತ್ತದೆ, ಶಾಲು ಹೊದ್ದ ಸುಳ್ಳು ಸೀಟಿಯಾಗುತ್ತದೆ. ಅಷ್ಟೆ. ಗೋಲು ಕಂಬದ ನೆರಳು ನಡುಗೆರೆಯನ್ನು ಮುಟ್ಟುವುದರೊಳಗೆ ಇಬ್ಬರೂ ಮಾತು ಮುಗಿಸಬೇಕು. ಒಬ್ಬರ ಬಾಯಿಂದಲಾದರೂ ಬರೀ ಸೀಟಿಯೇ ಬಂದರೆ ಆ ವರ್ಷ ಮೇಷ್ಟ್ರಿಲ್ಲ, ಆಟವಿಲ್ಲ, ಬಯಲು ಮಲಗಿಬಿಡುತ್ತದೆ.

ಮೂಡಣ ಮೆಟ್ಟಿಲಿನ ತುದಿಯಲ್ಲಿ ದೊಡ್ಡದೊಂದು ನಗಾರಿ ಇತ್ತು. ಅದನ್ನು ಬಾರಿಸುವ ಹೆಂಗಸನ್ನು ಎಲ್ಲರೂ ನಗಾರಿಯವಳು ಎಂದೇ ಕರೆಯುತ್ತಿದ್ದರು. ಅವಳ ತೋಳು ಗಟ್ಟಿ, ದನಿ ತೋಳಿಗಿಂತ ಗಟ್ಟಿ, ಅಭಿಪ್ರಾಯ ಎರಡಕ್ಕಿಂತಲೂ ಗಟ್ಟಿ. ಅವಳ ಗಂಡ ಒಂದು ಕಾಲದಲ್ಲಿ ತಂಡದ ಮುಂಚೂಣಿಯಲ್ಲಿ ಓಡುತ್ತಿದ್ದವನು. ಎಡಗಾಲಿನಿಂದ ಅವನು ಒದ್ದ ಚೆಂಡು ಗಾಳಿಯಲ್ಲಿ ಬಾಗಿ, ಯಾರೂ ಎಣಿಸದ ಜಾಗದಲ್ಲಿ ಹೋಗಿ ಇಳಿಯುತ್ತಿತ್ತು. ಅದಕ್ಕೇ ಅವನು ಎಡಗಾಲಿನವನು. ಈಗ ಜಗಲಿಯಲ್ಲಿ ಕೂತು ಗೋಲು ಕಂಬಗಳಿಗೆ ಬಲೆ ಹೆಣೆಯುತ್ತಿದ್ದ. ಅವನ ಅಣ್ಣ ಪಡುವಣ ಮೆಟ್ಟಿಲಿನ ಮೇಲೆ ತುತ್ತೂರಿ ಊದುವವನು. ಅಣ್ಣತಮ್ಮಂದಿರು ಮನೆ ಬೇರೆ ಮಾಡಿಕೊಂಡಾಗ ಪಾತ್ರೆ ಪಡಗಕ್ಕೆ ಜಗಳವಾಗಲಿಲ್ಲ, ಹಿತ್ತಿಲಿಗೆ ಜಗಳವಾಗಲಿಲ್ಲ. ಮೇಷ್ಟ್ರುಗಳ ವಿಷಯಕ್ಕೆ ನಗಾರಿಯವಳಿಗೂ ಭಾವನಿಗೂ ಆದ ಜಗಳ ಮಾತ್ರ ಇನ್ನೂ ಮುಗಿದಿರಲಿಲ್ಲ.

ದಿನಾ ಬೆಳಿಗ್ಗೆ ಅವಳು ಕಿಟಕಿ ತೆರೆಯುತ್ತಿದ್ದಳು. ಬಯಲಿನ ಆಚೆ ಭಾವನೂ ಕಿಟಕಿ ತೆರೆಯುತ್ತಿದ್ದ.

"ಗೋಡೆ ಮೇಷ್ಟ್ರ ಕಾಲದಲ್ಲಿ ನಮ್ಮ ಗೋಲಿನೊಳಗೆ ಒಂದು ನೊಣ ನುಗ್ಗುತ್ತಿರಲಿಲ್ಲ ಕಣಮ್ಮಾ!" ಎಂದು ಭಾವ ಕೂಗುತ್ತಿದ್ದ.

"ಎದುರಿನವರ ಗೋಲಿನೊಳಗೂ ನುಗ್ಗುತ್ತಿರಲಿಲ್ಲವಲ್ಲ ಭಾವಾ, ಅದನ್ನೂ ಹೇಳಿ!" ಎಂದು ಅವಳು ಕೂಗುತ್ತಿದ್ದಳು.

"ನಿಮ್ಮ ಗಾಳಿ ಮೇಷ್ಟ್ರು ರಾಶಿ ಗೋಲು ತಿಂದು ಹಲ್ಲು ಕಿರಿದುಕೊಂಡು ನಿಂತಿದ್ದರು!"

"ಬೆಳ್ಳಿ ಬಟ್ಟಲು ಗೆದ್ದು ತಂದವರು ಯಾರು? ನಿಮ್ಮ ಗೋಡೆಯೋ, ನಮ್ಮ ಗಾಳಿಯೋ?"

ಬಯಲಿನ ಮೇಲೆ ಹಾದುಹೋಗುವ ಕೊಕ್ಕರೆಗಳು ಈ ಹೊತ್ತಿಗೆ ಸ್ವಲ್ಪ ಎತ್ತರದಲ್ಲಿ ಹಾರುತ್ತಿದ್ದವು.

ಗೋಡೆ ಮೇಷ್ಟ್ರು ಎಂದರೆ ತಂಡವನ್ನು ತಮ್ಮ ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲಿಸಿದವರು. ಮೈಯೂ ಗೋಡೆ, ಮುಖವೂ ಗೋಡೆ, ನಕ್ಕದ್ದನ್ನು ಕಂಡವರಿಲ್ಲ. ಗಾಳಿ ಮೇಷ್ಟ್ರು ಎಂದರೆ "ಚೆಂಡಿಗೆ ಹಿತ್ತಿಲಿಲ್ಲ, ಅಂಗಳ ಮಾತ್ರ" ಎಂದು ಹೇಳಿ ಎಲ್ಲರನ್ನೂ ಮುಂದಕ್ಕೆ ಓಡಿಸಿದವರು. ಒಂದು ಸಲ ಗೆದ್ದರು, ಬಹಳ ಸಲ ಸೋತರು, ಸೋತಾಗಲೂ ಊರು ಹಾಡಿಕೊಂಡೇ ಮನೆಗೆ ಹೋಗುತ್ತಿತ್ತು.

ನಗಾರಿಯವಳಿಗೆ ಗೋಡೆ ಮೇಷ್ಟ್ರ ಮೇಲೆ ಇನ್ನೊಂದು ಸಿಟ್ಟಿತ್ತು. ಬಟ್ಟಲಿಗಾಗಿ ನಡೆದ ಒಂದು ದೊಡ್ಡ ಆಟದಲ್ಲಿ ಅವರು ಎಡಗಾಲಿನವನನ್ನು ಆಟದುದ್ದಕ್ಕೂ ಬೆಂಚಿನ ಮೇಲೆ ಕೂರಿಸಿಬಿಟ್ಟಿದ್ದರು. ಊರೆಲ್ಲ ಅವನ ಹೆಸರು ಕೂಗಿತು. ಅವಳು ತೋಳು ಬಿದ್ದುಹೋಗುವಂತೆ ನಗಾರಿ ಬಡಿದಳು. ಮೇಷ್ಟ್ರು ತಿರುಗಿಯೂ ನೋಡಲಿಲ್ಲ. ಒಂದೇ ಒಂದು ಗೋಲಿನಿಂದ ಬಟ್ಟಲು ಕೈತಪ್ಪಿತು. ಅವತ್ತು ಕಳಚಿಟ್ಟ ಬೂಟನ್ನು ಎಡಗಾಲಿನವನು ಮತ್ತೆ ಹಾಕಲಿಲ್ಲ. ಮತ್ತೆ ಹಾಕುವುದಕ್ಕೆ ಆಟವೇ ಉಳಿದಿರಲಿಲ್ಲ, ಏಕೆಂದರೆ ಬಯಲಿಗೆ ಬೀಗ ಬಿದ್ದು ಬೀಗದ ವರ್ಷ ಶುರುವಾಗಿತ್ತು. ಬೀಗ ತೆಗೆಯುವ ಹೊತ್ತಿಗೆ ಅವನ ಓಟದ ಕಾಲವೂ ಮುಗಿದಿತ್ತು.

ತಂಡಕ್ಕೆ ಒಡೆಯನಿಲ್ಲ ಎಂದು ಹೇಳಿದ್ದಾಯಿತು. ಮೊದಲು ಹಾಗಿರಲಿಲ್ಲ. ಹಿಂದೆ ಒಬ್ಬ ಕನ್ನಡಿ ಯಜಮಾನನಿದ್ದ. ತಂಡವನ್ನು ಕೊಂಡವನೇ ಬಯಲಿನ ಸುತ್ತ ಆಳೆತ್ತರದ ಕನ್ನಡಿ ನಿಲ್ಲಿಸಿದ. ಎಲ್ಲಿ ನೋಡಿದರೂ ತನ್ನ ಮುಖ ಕಾಣಬೇಕೆಂದು ಅವನ ಆಸೆ. ಆಟಗಾರರು ಕನ್ನಡಿಯಲ್ಲಿ ಕಂಡ ತಮ್ಮನ್ನೇ ಜೊತೆಗಾರರೆಂದುಕೊಂಡು ಚೆಂಡು ಕೊಟ್ಟರು. ಕನ್ನಡಿಗಳು ಒಡೆದವು. ಒಡೆದ ಒಂದೊಂದು ಚೂರಿನಲ್ಲೂ ಯಜಮಾನ ಒಂದೊಂದು ಹುಳುವಿನಷ್ಟು ಸಣ್ಣಗೆ ಕಂಡ. ಅದನ್ನು ಸಹಿಸಲಾರದೆ ತಂಡವನ್ನು ಇನ್ನೊಬ್ಬನಿಗೆ ಮಾರಿ ಹೋದ.

ಆ ಇನ್ನೊಬ್ಬ ಊರಿಗೆ ಬರಲೇ ಇಲ್ಲ. ಅವನ ಬದಲು ಅವನ ಕುರ್ಚಿ ಬಂತು. ಬಂಗಾರದ ಬಣ್ಣದ ಕುರ್ಚಿ. ಅದನ್ನು ಹೊತ್ತು ತಂದ ಆಳುಗಳು ಬಯಲಿನ ನಟ್ಟನಡುವೆ ಇಳಿಸಿ, "ಯಜಮಾನರು ಬಂದಿದ್ದಾರೆ, ಆಟ ಅವರ ಸುತ್ತಲೇ ನಡೆಯಲಿ" ಎಂದರು. ಕೆಲವು ದಿನ ಹಾಗೂ ಆಡಿದರು. ಚೆಂಡು ಕುರ್ಚಿಗೆ ತಗುಲಿದ ದಿನ ಆಳುಗಳು ಬಯಲಿನ ಬಾಗಿಲಿಗೆ ಬೀಗ ಹಾಕಿದರು. ಊರು ಎರಡಾಯಿತು. ಕುರ್ಚಿಯನ್ನು ಸುಟ್ಟುಹಾಕಿ ಎಂದರು ಮೂಡಣದವರು. ಇರಲಿ ಬಿಡಿ, ಕುರ್ಚಿ ಇದ್ದರೆ ತಂಡಕ್ಕೊಂದು ಕಳೆ ಎಂದರು ಪಡುವಣದವರು. ಬೀಗ ಬಿದ್ದ ಬಾಗಿಲಿನ ಈಚೆ ಜಗಳ, ಆಚೆ ಎದೆಯುದ್ದ ಬೆಳೆದ ಹುಲ್ಲು. ಹುಲ್ಲಿನ ನಡುವೆ ಒಂಟಿ ಕುರ್ಚಿ.

ಕುರ್ಚಿಯನ್ನು ಯಾರೂ ಸುಡಬೇಕಾಗಲಿಲ್ಲ. ಗೆದ್ದಲು ಹಿಡಿಯಿತು. ಒಂದು ಚಳಿಯ ಬೆಳಗ್ಗೆ ಅದು ಹಿಟ್ಟಿನ ಹಾಗೆ ಉದುರಿಬಿತ್ತು. ಹೊತ್ತುಕೊಂಡು ಹೋಗಲು ಏನೂ ಉಳಿಯದೆ ಆಳುಗಳು ಬೀಗದ ಕೈ ಎಸೆದು ಹೊರಟುಹೋದರು. ಎರಡು ಕಡೆಯವರೂ ಒಟ್ಟಿಗೆ ಒಳಗೆ ನುಗ್ಗಿದರು. ನೂಕುನುಗ್ಗಲಿನಲ್ಲಿ ಶಾಲುಗಳು ಬಿದ್ದು ಕಲಸಿಹೋದವು. ಚಳಿಗೆ ಕೈಗೆ ಸಿಕ್ಕಿದ್ದನ್ನು ಹೊದ್ದುಕೊಂಡ ಜನ ಬಾಯಿ ತೆರೆದರೆ ಅರ್ಧ ಊರಿನಿಂದ ಸೀಟಿ! ಆ ಕಟ್ಟಳೆ ಹುಟ್ಟಿದ್ದು ಅಂದೇ. ಅಂದಿನಿಂದ ತಂಡ ಎಲ್ಲರದು.

ಇಷ್ಟೆಲ್ಲ ಆಗಿ ಬಹಳ ಕಾಲವಾದ ಮೇಲೆ, ಆಗಿನ ಮೇಷ್ಟ್ರು ವಯಸ್ಸಾಯಿತೆಂದು ಬಿಟ್ಟುಕೊಟ್ಟರು. ಹೊಸಬರು ಯಾರಿದ್ದಾರೆ ಎಂದು ಊರು ಹುಡುಕುತ್ತಿರುವಾಗ ಒಂದು ದಾರಿಯಿಂದ ಗಾಳಿ ಮೇಷ್ಟ್ರು ಬಂದರು, ಇನ್ನೊಂದು ದಾರಿಯಿಂದ ಗೋಡೆ ಮೇಷ್ಟ್ರು ಬಂದರು. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಇಬ್ಬರೂ "ಇನ್ನೊಂದು ಸಲ ನೋಡೋಣ ಅಂತ ಬಂದೆ" ಎಂದರು.

ಊರಿಗೆ ಹಬ್ಬವೇ ಬಂದಂತಾಯಿತು. ಹಳೆಯ ಜಗಳಗಳೆಲ್ಲ ಅಟ್ಟದಿಂದ ಇಳಿದುಬಂದವು. ಕಟ್ಟೆಯ ಮೇಲೆ ಜಗಳ, ಬಾವಿಯ ಬಳಿ ಜಗಳ. ಎಂದೋ ಆಡಿದ ಆಟದ ಗೋಲುಗಳನ್ನು ಜನ ಅಂಗಳದಲ್ಲಿ ಕಲ್ಲು ಇಟ್ಟು ತೋರಿಸಿದರು. ಮೂಡಣದ ಕಡೆಯಿಂದ ನಗಾರಿಯವಳ ದನಿ ದೊಡ್ಡದು, ಪಡುವಣದ ಕಡೆಯಿಂದ ತುತ್ತೂರಿ ಭಾವನ ದನಿ ದೊಡ್ಡದು. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಆರಿಸುವ ದಿನ ಬೆಳಿಗ್ಗೆ ನಗಾರಿಯವಳು ಗಂಡನ ಮುಂದೆ ಕುಕ್ಕರಿಸಿ ಕೂತಳು.

"ಏನ್ರೀ, ಆ ಮನುಷ್ಯನ ಬಗ್ಗೆ ಒಂದು ಒಳ್ಳೆ ಮಾತು ಹೇಳಿಕೊಡಿ. ಒಂದೇ ಒಂದು."

ಎಡಗಾಲಿನವನು ಬಲೆಯ ಗಂಟು ಬಿಗಿಯುತ್ತ ನಕ್ಕ. "ನಾನು ಹೇಳಿಕೊಟ್ಟರೆ ಅದು ನನ್ನ ಮಾತಾಗುತ್ತೆ ಕಣೇ. ನಿನ್ನ ಬಾಯಲ್ಲಿ ಸೀಟಿಯೇ ಆಗೋದು."

"ನಿಮ್ಮನ್ನ ಬೆಂಚಿನ ಮೇಲೆ ಕೂರಿಸಿದರಲ್ಲ, ನಿಮಗೆ ಸಿಟ್ಟಿಲ್ವಾ?"

"ಇದ್ದದ್ದೆಲ್ಲ ನೀನೇ ಇಟ್ಟುಕೊಂಡೆಯಲ್ಲ. ನನಗೆ ಎಲ್ಲಿ ಉಳೀತು?"

ಅವಳು ಎದ್ದು ಹೊರಟಳು.

ಬಯಲಿನ ನಡುವೆ ಸುಣ್ಣದಜ್ಜಿ ಕಾಯುತ್ತಿದ್ದಳು. ಆಟದ ಗೆರೆಗಳನ್ನು ಸುಣ್ಣದಲ್ಲಿ ಎಳೆಯುವವಳು ಅವಳೇ, ಆರಿಸುವ ದಿನದ ಹಿರಿತನವೂ ಅವಳದೇ. ಮೊಣಕೈವರೆಗೂ ಬೆಳ್ಳಗಿನ ಕೈಗಳಿಂದ ಅವಳು ಭಾವನ ಕೆಂಪು ಶಾಲು ತೆಗೆದು ನಗಾರಿಯವಳಿಗೆ ಹೊದಿಸಿದಳು, ನಗಾರಿಯವಳ ಹಸಿರು ಶಾಲು ತೆಗೆದು ಭಾವನಿಗೆ ಹೊದಿಸಿದಳು. ಮೆಟ್ಟಿಲುಗಳ ಮೇಲೂ ಶಾಲುಗಳು ಕೈಯಿಂದ ಕೈಗೆ ದಾಟಿದವು. ಮೂಡಣ ಕೆಂಪಾಯಿತು, ಪಡುವಣ ಹಸಿರಾಯಿತು.

"ಮೊದಲು ನೀನು," ಎಂದಳು ಸುಣ್ಣದಜ್ಜಿ ನಗಾರಿಯವಳಿಗೆ.

ಭಾವನ ಶಾಲಿನಿಂದ ನಶ್ಯದ ವಾಸನೆ ಬರುತ್ತಿತ್ತು. ಅವಳು ಸೀನಿದಳು, ಗಂಟಲು ಸರಿಮಾಡಿಕೊಂಡಳು.

"ಊರಿನ ಜನವೇ! ಗೋಡೆ ಮೇಷ್ಟ್ರು ಬಹಳ ದೊಡ್ಡ..."

ಪೀಈಈಈ! ಉದ್ದನೆಯ ಸೀಟಿ ಬಯಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ದೂರದಲ್ಲಿ ಚೆಂಡು ಒದೆಯುತ್ತಿದ್ದ ಆಟಗಾರರು ಅಭ್ಯಾಸಬಲದಿಂದ ಒದೆಯುವುದನ್ನು ನಿಲ್ಲಿಸಿದರು. ಊರು ಗೊಳ್ಳೆಂದು ನಕ್ಕಿತು.

"ಗೋಡೆ ಮೇಷ್ಟ್ರ ಶಿಸ್ತು..." ಪೀಈಈ! "ಅವರ ತಾಳ್ಮೆ..." ಪೀಈಈಈ! "ಅವರ... ಅವರ ಮೀಸೆ..." ಮೀಸೆಗೂ ಸೀಟಿಯೇ ಬಂತು. ಗಾಳಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗೋಡೆ ಮೇಷ್ಟ್ರು ಅವರ ಪಕ್ಕದ ಕಲ್ಲಿನ ಮೇಲೆ ಕಲ್ಲಿನ ಹಾಗೆ ಕೂತಿದ್ದರು. ತುತ್ತೂರಿ ಭಾವನಿಗೆ ಮಾತ್ರ ನಗು ಬರಲಿಲ್ಲ. "ಯೋಚನೆ ಮಾಡಿ ಆಡಮ್ಮಾ," ಎಂದು ಪಿಸುಗುಟ್ಟಿದ. "ಆಟವೇ ಇಲ್ಲದೆ ಹೋದರೆ ನಾಳೆ ಬೆಳಿಗ್ಗೆ ಕಿಟಕಿ ತೆಗೆದು ನಾನು ಏನಂತ ಕೂಗಲಿ?"

ಗೋಲು ಕಂಬದ ನೆರಳು ಹುಲ್ಲಿನ ಮೇಲೆ ತೆವಳುತ್ತ ಬಂತು. ನಗು ನಿಂತಿತು. ಇನ್ನೊಂದು ಬೀಗದ ವರ್ಷ ಎಲ್ಲರ ಕಣ್ಣ ಮುಂದೆ ಹಾದುಹೋಯಿತು. ತಾಯಂದಿರು ಕೂಸುಗಳನ್ನು ಅವುಚಿಕೊಂಡರು. ನೆರಳು ನಡುಗೆರೆಯ ಸಮೀಪಕ್ಕೆ ಬಂದಿತ್ತು. ನಗಾರಿಯವಳಿಗೆ ಅವಮಾನವಾಯಿತು, ಭಯವಾಯಿತು, ಕೊನೆಗೆ ಎಲ್ಲ ಸೇರಿ ಅವಳಿಗೆ ಚಿಕ್ಕಂದಿನಿಂದ ಚೆನ್ನಾಗಿ ಗೊತ್ತಿದ್ದ ಸಿಟ್ಟಾಯಿತು. ಅವಳು ಗೋಡೆ ಮೇಷ್ಟ್ರ ಕಡೆಗೆ ತಿರುಗಿ ಕಿರುಚಿದಳು:

"ಈ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ!"

ಸೀಟಿ ಬರಲಿಲ್ಲ.

ಮಾತು ಗಂಟೆಯ ಹಾಗೆ ಸ್ಪಷ್ಟವಾಗಿ ಬಂದು ಬಯಲಿನಲ್ಲಿ ನಿಂತಿತು. ಊರು ಬೆರಗಾಯಿತು. ಸುಣ್ಣದಜ್ಜಿ ಕಿವಿಯ ಹಿಂದೆ ಕೈ ಇಟ್ಟಳು. ಎಲ್ಲರಿಗಿಂತ ಹೆಚ್ಚು ಬೆರಗಾದವಳು ನಗಾರಿಯವಳೇ. ಕೆಂಪು ಶಾಲು ಹೊದ್ದು ಬೈದರೆ ಸೀಟಿ ಬರಬೇಕಿತ್ತು. ಬಂದಿಲ್ಲ ಎಂದರೆ ಆ ಬೈಗುಳ ಎಲ್ಲೋ ಅವರ ಪರವಾಗಿಯೇ ಇರಬೇಕು. ಎಲ್ಲಿ? ಕತ್ತಲ ಕೋಣೆಯಲ್ಲಿ ಗೋಡೆ ಸವರಿಕೊಂಡು ಹೋಗುವವಳಂತೆ ಅವಳು ಒಂದೊಂದೇ ಮಾತು ಇಟ್ಟು ಮುಂದೆ ಹೋದಳು.

"ಉರಿಯುತ್ತದೆ. ಬೀಗದ ವರ್ಷದಲ್ಲೂ ಉರಿಯುತ್ತಿತ್ತು. ಆಟ ಇರಲಿಲ್ಲ. ಆದರೂ ವಾರವಾರ ಆಟದ ಹೊತ್ತಿಗೆ ಸರಿಯಾಗಿ ಈ ಮನುಷ್ಯ ಬಂದು, ಬೀಗ ಹಾಕಿದ ಬಾಗಿಲಿನ ಮುಂದೆ ಬಿಸಿಲಲ್ಲಿ ನಿಲ್ಲುತ್ತಿದ್ದರು. ಬರಿಗೈಲಿ ನಿಲ್ಲುತ್ತಿದ್ದರು. ಇವರು ನಿಂತಿರುತ್ತಾರೆ ಅಂತ ಗೊತ್ತಾಗಿ ನಾನು ಹೋಗುತ್ತಿದ್ದೆ. ಅಡಿಗೆ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದೆ. ನನ್ನ ಗಂಡನನ್ನು ಯಾಕೆ ಕೂರಿಸಿದಿರಿ, ಬಟ್ಟಲು ಯಾಕೆ ಕಳೆದಿರಿ ಅಂತ ಬೈಯುತ್ತಿದ್ದೆ. ನನ್ನ ಹಿಂದೆ ನೀವೆಲ್ಲ ನಿಂತಿರುತ್ತಿದ್ದಿರಿ, ನಿಮ್ಮ ಸರದಿಗೆ ಕಾಯುತ್ತ. ಯಾರು ಏನು ಬೈದರೂ ಇವರದ್ದು ಒಂದೇ ಮಾತು. 'ಮತ್ತೆ?' ಅಂತ ಕೇಳುವುದು. 'ಮತ್ತೆ?' ಅಂದಾಗ ನನಗೆ ಇನ್ನಷ್ಟು ನೆನಪಾಗುತ್ತಿತ್ತು. ಆ ಆಟ, ಈ ಆಟ, ಯಾರು ಯಾರಿಗೆ ಚೆಂಡು ಕೊಟ್ಟರು, ಯಾರು ಬಿಟ್ಟರು. ಮನೆಗೆ ಬಂದು, ಮುಂದಿನ ವಾರ ಇನ್ನೇನು ಬೈಯಲಿ ಅಂತ ಯೋಚನೆ ಮಾಡುತ್ತಿದ್ದೆ."

ಅವಳು ಮೆಟ್ಟಿಲುಗಳ ಕಡೆಗೆ ತಿರುಗಿದಳು.

"ಒಂದು ದಿನ ಕುರ್ಚಿಯ ಆಳುಗಳು ಬಂದರು. ನಿಮಗೂ ನೆನಪಿರಬೇಕು. 'ಇಲ್ಲಿ ಯಾಕೆ ಗುಂಪು? ಯಾವ ತಂಡ? ಕಂಬ ನಮ್ಮದು, ಬಲೆ ನಮ್ಮದು, ಚೆಂಡು ನಮ್ಮದು, ಬಣ್ಣ ನಮ್ಮದು. ನಿಮ್ಮದು ಅಂತ ಏನು ಉಳಿದಿದೆ?' ಅಂದರು. ನಾವೆಲ್ಲ ತಲೆ ತಗ್ಗಿಸಿದೆವು. ಇವರು ನನ್ನ ಕಡೆ ಕೈ ತೋರಿಸಿ, 'ಈಯಮ್ಮನ ಜಗಳ ಯಾರದ್ದು?' ಅಂತ ಕೇಳಿದರು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಮಾತ್ರ 'ನಮ್ಮದು' ಅನ್ನಲು ಅವರಿಗೆ ಆಗಲಿಲ್ಲ. ಆವತ್ತು ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ನನ್ನನ್ನು ಜಗಳಗಂಟಿ ಅಂದರು ಅಂತ ಇನ್ನೊಂದು ಸುತ್ತು ಬೈದೆ. ಈಗ ಕೇಳಿಸುತ್ತಿದೆ."

ಅವಳ ದನಿ ಒಡೆಯಿತು. ಊರು ಹಿಂದೆಂದೂ ಅದನ್ನು ಕೇಳಿರಲಿಲ್ಲ.

"ಗಾಳಿ ಮೇಷ್ಟ್ರು ಆ ವರ್ಷ ಬೇರೆ ಊರಿಗೆ ಆಟ ಕಲಿಸಲು ಹೋದರು. ಅದು ತಪ್ಪಲ್ಲ. ಇವರು ಹೋಗಲಿಲ್ಲ, ಬೈಸಿಕೊಳ್ಳಲು ಉಳಿದರು. ಬೈಯುವುದಕ್ಕೆ ಇವರು ಇಲ್ಲದಿದ್ದರೆ ನಾನು ಆ ಬಾಗಿಲಿನ ಹತ್ತಿರ ಹೋಗುತ್ತಿರಲಿಲ್ಲ. ನೀವೂ ಬರುತ್ತಿರಲಿಲ್ಲ. ಕುರ್ಚಿ ಉದುರಿಬಿದ್ದ ದಿನ ಒಳಗೆ ನುಗ್ಗಲು ಅಲ್ಲಿ ಯಾರಿರುತ್ತಿದ್ದರು? ಅಷ್ಟೇ ನನ್ನ ಮಾತು. ಇವರ ಆಟ ನೋಡಿದರೆ ಈಗಲೂ ನಿದ್ದೆ ಬರುತ್ತದೆ."

ಈ ಕೊನೆಯ ಮಾತಿಗೆ ಚಿಕ್ಕದೊಂದು ಸೀಟಿ ಬಂತು. ಆದರೆ ಅಷ್ಟರಲ್ಲಿ ಊರು ಎದ್ದು ನಿಂತು ಕೂಗುತ್ತಿದ್ದುದರಿಂದ ಅದು ಯಾರಿಗೂ ಕೇಳಿಸಲಿಲ್ಲ.

ನೆರಳು ನಡುಗೆರೆಗೆ ಇನ್ನೂ ಗೇಣು ದೂರವಿತ್ತು. "ಬೇಗ!" ಎಂದಳು ಸುಣ್ಣದಜ್ಜಿ. ತುತ್ತೂರಿ ಭಾವ ಹಸಿರು ಶಾಲು ಬಿಗಿದುಕೊಂಡು ಮುಂದೆ ಬಂದ. ಗಟ್ಟಿ ಮನುಷ್ಯ, ಮದುವೆಮನೆಯಲ್ಲೂ ನೆಟ್ಟಗೆ ಕೂರುವವನು. ಅವನಿಗೆ ಯೋಚಿಸಲು ಹೊತ್ತಿರಲಿಲ್ಲ. ಅದೇ ಒಳ್ಳೆಯದಾಯಿತು.

"ನಾನು ಜೀವಮಾನದಲ್ಲಿ ಒಂದೇ ಸಲ ಕುಣಿದಿದ್ದೇನೆ," ಎಂದ. "ಗಾಳಿ ಮೇಷ್ಟ್ರ ತಂಡ ರಾಶಿ ಗೋಲು ತಿಂದು ಸೋತ ದಿನ. ನಾವು ಹೊಡೆದದ್ದು ಒಂದೇ ಗೋಲು. ಆ ಒಂದು ಗೋಲಿಗೆ ಚೆಂಡು ತಂಡದ ಎಲ್ಲರ ಕಾಲನ್ನೂ ಮುಟ್ಟಿ, ಕೊನೆಗೆ ನನ್ನ ತಮ್ಮನ ಎಡಗಾಲಿಗೆ ಬಂತು. ನಾನು ಮೆಟ್ಟಿಲಿನ ಹಿಂದೆ ಹೋಗಿ, ಯಾರೂ ಇಲ್ಲ ಅಂತ ನೋಡಿಕೊಂಡು, ಕುಣಿದೆ. ಸೋತ ದಿನ ಕುಣಿಸುವ ಮೇಷ್ಟ್ರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ದಿನಾ ಬೆಳಿಗ್ಗೆ ಕಿಟಕಿಯಲ್ಲಿ ಅವರನ್ನು ಬೈಯುವುದು ಯಾಕೆ ಗೊತ್ತಾ? ಬೈಯದೆ ಇದ್ದರೆ ಮತ್ತೆ ಕುಣಿದುಬಿಡುತ್ತೇನೇನೋ ಅಂತ ಭಯ."

ಒಂದು ಸೀಟಿಯೂ ಇಲ್ಲ. ನೆರಳು ಗೆರೆಯನ್ನು ಮುಟ್ಟಿತು.

ಇನ್ನು ಜನ ಎದ್ದು ಬಂದು, ತಮ್ಮ ಮನಸ್ಸಿಗೆ ತಟ್ಟಿದ ಮಾತನ್ನು ಆಡಿದವರ ಹಿಂದೆ ನಿಲ್ಲಬೇಕು. ಬಹಳ ಹೊತ್ತು ಹಿಡಿಯಿತು. ಗಂಡ ಒಂದು ಕಡೆ ಹೋದರೆ ಹೆಂಡತಿ ಇನ್ನೊಂದು ಕಡೆ. ಕೆಲವರು ಅರ್ಧ ದಾರಿಗೆ ಹೋಗಿ ತಿರುಗಿ ಬಂದರು. ಕೆಂಪು, ಹಸಿರು ಎರಡೂ ಎರಡು ಕಡೆಯೂ ಬೆರೆತವು. ಕೊನೆಗೆ ಸುಣ್ಣದಜ್ಜಿ ಕಣ್ಣು ಕಿರಿದುಮಾಡಿ ಎರಡು ಸಾಲನ್ನೂ ನೋಡಿದಳು. ನಗಾರಿಯವಳ ಹಿಂದಿನ ಸಾಲು ಸ್ವಲ್ಪವೇ ಉದ್ದವಿತ್ತು. ಅವಳು ಸುಣ್ಣದ ಕೈಯಿಂದ ಗೋಡೆ ಮೇಷ್ಟ್ರ ಹಣೆಗೆ ಒಂದು ಗೆರೆ ಎಳೆದಳು. ಆಯಿತು.

ನಗಾರಿಯವಳು ನಿಂತಲ್ಲೇ ನಿಂತಿದ್ದಳು. "ಅಯ್ಯೋ, ಏನು ಮಾಡಿಬಿಟ್ಟೆ ನಾನು!" ಎಂದಳು. "ನಮ್ಮ ಗಾಳಿ ಮೇಷ್ಟ್ರನ್ನು ನಾನೇ ಸೋಲಿಸಿದೆನಲ್ಲ!"

ಗಾಳಿ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ ಅವಳ ಬಳಿ ಬಂದರು. ನಕ್ಕು ನಕ್ಕು ಬಂದ ನೀರೋ ಬೇರೆಯದೋ ತಿಳಿಯಲಿಲ್ಲ. "ಬಿಡು ತಾಯಿ, ನಿನ್ನ ಮಾತು ಕೇಳಿ ನಾನೂ ನಿನ್ನ ಹಿಂದೆಯೇ ಬಂದು ನಿಂತಿದ್ದೆ. ನೀನು ತಿರುಗಿ ನೋಡಲಿಲ್ಲ." ಆಮೇಲೆ ಭಾವನ ಭುಜ ತಟ್ಟಿ, "ಸ್ವಾಮಿ, ಇನ್ನೊಮ್ಮೆ ಕುಣಿಯುವುದಾದರೆ ಹೇಳಿಕಳಿಸಿ, ನೋಡಲು ಬರುತ್ತೇನೆ," ಎಂದು ಬಂದ ದಾರಿಯಲ್ಲಿ ಹೊರಟುಹೋದರು. ಭಾವನ ಕಿವಿ ಅವನ ಸ್ವಂತ ಶಾಲಿಗಿಂತ ಕೆಂಪಾಯಿತು.

ಕೆಲವು ವಾರಗಳ ಮೇಲೆ ಆ ವರ್ಷದ ಮೊದಲ ಆಟ ನಡೆಯಿತು. ಉಪ್ಪಿನೂರಿನ ತಂಡ ಬಂದಿತ್ತು. ಗೋಡೆ ಮೇಷ್ಟ್ರು ತಮ್ಮವರನ್ನು ಗೋಲಿನ ಮುಂದೆ ಗೋಡೆಯಾಗಿ ನಿಲ್ಲಿಸಿದರು. ಚೆಂಡು ಬಂತು, ಹೋಯಿತು, ಬಂತು, ಹೋಯಿತು. ಗೋಲು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ನಗಾರಿಯವಳು ಇಳಿಹೊತ್ತಿನವರೆಗೂ ನಗಾರಿ ಬಡಿದು ಸುಸ್ತಾದಳು. ಆಟ ಮುಗಿದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಹೋದಳು. ಮೇಷ್ಟ್ರು ಅಲ್ಲಿ ನಿಂತಿದ್ದರು. ಅವರ ಮುಂದೆ ಆಗಲೇ ಒಂದು ಸಾಲು ಬೆಳೆದಿತ್ತು.

ಅವಳು ಸಾಲಿನಲ್ಲಿ ನಿಲ್ಲಬೇಕಾಯಿತು. ಮುಂದಿನವರು ಬೈಯುವುದನ್ನು ಕೇಳಿಕೊಂಡಳು. ಒಬ್ಬ ಮೇಷ್ಟ್ರ ವಯಸ್ಸನ್ನು ಬೈದ. ಇನ್ನೊಬ್ಬ ಅವರ ನಡಿಗೆಯನ್ನು ಬೈದ. ನಗಾರಿಯವಳಿಗೆ ಬೇಸರ ಬಂತು. "ಆಟದ ಬಗ್ಗೆ ಬೈಯೋ, ನಡಿಗೆ ಕಟ್ಟಿಕೊಂಡು ನಿನಗೇನು?" ಎಂದು ಅವನನ್ನು ಗದರಿದಳು. ಮಧ್ಯಾಹ್ನದಿಂದ ನಿಂತೇ ಇದ್ದ ಮೇಷ್ಟ್ರ ತುಟಿ ಒಣಗಿತ್ತು. ಸಾಲು ಕರಗುತ್ತ ಕರಗುತ್ತ ಅವಳ ಸರದಿ ಬಂತು.

"ಬಾಮ್ಮ," ಎಂದರು ಗೋಡೆ ಮೇಷ್ಟ್ರು. "ಬೈಯಿ."

ಅವಳು ಬಾಯಿ ತೆರೆದಳು. ಹೇಳಬೇಕೆಂದಿದ್ದದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಂದದ್ದು ಬೇರೆಯೇ.

"ಊಟ ಆಯ್ತಾ ಮೇಷ್ಟ್ರೇ?"

ಗೋಡೆ ಮೇಷ್ಟ್ರು ತಬ್ಬಿಬ್ಬಾದರು. ಯಾವ ಬೈಗುಳಕ್ಕೂ ಅಲುಗದ ಮುಖ ಒಂದು ಕ್ಷಣ ಎಳೆಯ ಮಗುವಿನ ಮುಖದ ಹಾಗೆ ಆಯಿತು.

"ಇಲ್ಲ," ಎಂದರು.

"ಹಾಗಾದರೆ ಮನೆಗೆ ಬನ್ನಿ. ಬಡಿಸುತ್ತಾ ಬೈಯುತ್ತೇನೆ."

ಮೇಷ್ಟ್ರು ಅವಳ ಹಿಂದೆ ಹೋದರು. ಜಗಲಿಯಲ್ಲಿ ಎಡಗಾಲಿನವನು ಎದ್ದು ಕೈಕಾಲು ತೊಳೆಯಲು ನೀರು ಕೊಟ್ಟ. ಇಬ್ಬರಿಗೂ ಎಲೆ ಹಾಕಿದಳು. ಅನ್ನ ಬಡಿಸಿದಳು, ಹುಳಿ ಬಡಿಸಿದಳು, ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಬೀಗದ ವರ್ಷವೆಲ್ಲ ಬಾಗಿಲಿನ ಮುಂದೆ ಕೇಳಿದ್ದನ್ನೇ ಮತ್ತೆ ಕೇಳಿದಳು.

"ಆವತ್ತು ಇವರನ್ನು ಬೆಂಚಿನ ಮೇಲೆ ಯಾಕೆ ಕೂರಿಸಿದಿರಿ?"

ಮೇಷ್ಟ್ರು ತುತ್ತನ್ನು ಎಲೆಗೆ ಇಳಿಸಿದರು.

"ತಪ್ಪಾಯಿತಮ್ಮ. ಆಡಿಸಬೇಕಿತ್ತು."

ಇದೊಂದು ಮಾತಿಗಾಗಿ ನಗಾರಿಯವಳು ಎಷ್ಟು ಬಿಸಿಲಲ್ಲಿ ನಿಂತಿದ್ದಳು! ಈಗ ಅದು ಬಂತು. ಬಂದು ಎಲೆಯ ಪಕ್ಕದಲ್ಲಿ ಸುಮ್ಮನೆ ಕೂತಿತು.

"ಅಷ್ಟೇನಾ?" ಎಂದಳು ಅವಳು. "ಅಷ್ಟು ಸುಲಭಕ್ಕೆ ಒಪ್ಪಿಕೊಂಡುಬಿಟ್ಟರೆ ಹೇಗೆ? ಏನಾದರೂ ಕಾರಣ ಇರಲೇಬೇಕಲ್ಲ! ಹೇಳಿ!"

"ಇತ್ತು. ಅದು ಸರಿಯಾದ ಕಾರಣ ಅಲ್ಲ. ಇವನನ್ನು ಆಟಕ್ಕೆ ಇಳಿಸಿದರೆ ಗೋಡೆ ಬಿರುಕು ಬಿಡುತ್ತೆ ಅಂತ ಹೆದರಿದೆ."

"ಹೆದರಿದ್ದು ಸರಿಯಾಗೇ ಇತ್ತು," ಎಂದ ಎಡಗಾಲಿನವನು, ಹುಳಿ ಕಲಸಿಕೊಳ್ಳುತ್ತ. "ನಾನು ಎಂದಾದರೂ ಹಿಂದೆ ಓಡಿ ಬಂದು ಕಾಪಾಡಿದ್ದು ಉಂಟಾ? ಮೇಷ್ಟ್ರ ಜಾಗದಲ್ಲಿ ನಾನಿದ್ದರೂ ನನ್ನನ್ನು ಕೂರಿಸುತ್ತಿದ್ದೆ."

"ಏನಂದಿರಿ?" ನಗಾರಿಯವಳು ಸೌಟು ಎತ್ತಿ ಗಂಡನ ಕಡೆಗೆ ತಿರುಗಿದಳು. "ನಿಮ್ಮನ್ನು ಕೂರಿಸಿದ್ದು ಸರಿಯಾ?"

"ತಪ್ಪು," ಎಂದರು ಮೇಷ್ಟ್ರು.

"ಸರಿ," ಎಂದ ಎಡಗಾಲಿನವನು.

"ಮೇಷ್ಟ್ರು ಹೇಳೋದು ನಿಜ, ನೀವು ಬಾಯಿ ಮುಚ್ಚಿ!" ಎಂದಳು ನಗಾರಿಯವಳು. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಒಂದು ಗಳಿಗೆ ನಿಂತಳು. ಆಮೇಲೆ ಇನ್ನೂ ಜೋರಾಗಿ ಮುಂದುವರಿಸಿದಳು. ಎಡಗಾಲಿನವನು ಎಲೆಯ ಅಂಚಿನಲ್ಲಿ ಅನ್ನದ ಉಂಡೆಗಳನ್ನು ಇಟ್ಟು, ಇಲ್ಲಿ ನಾನು, ಇಲ್ಲಿ ಎದುರಿನವನು ಎಂದು ತೋರಿಸಿದ. ಮೇಷ್ಟ್ರು ಉಪ್ಪಿನಕಾಯಿಯ ಹೋಳನ್ನು ಸರಿಸಿ, ಇಲ್ಲ, ಚೆಂಡು ಇಲ್ಲಿತ್ತು ಎಂದರು. ಅವಳು ಇಬ್ಬರ ಎಲೆಯ ಮೇಲೂ ಬಗ್ಗಿ, ಎರಡೂ ಅಲ್ಲ, ನಾನು ಮೇಲಿಂದ ನೋಡುತ್ತಿದ್ದೆ, ಚೆಂಡು ಇಲ್ಲಿತ್ತು ಎಂದು ಸೌಟಿನಿಂದ ತೋರಿಸಿದಳು. ಈ ಗಲಾಟೆ ಬಯಲು ದಾಟಿ ಭಾವನ ಕಿವಿಗೆ ಬಿದ್ದಿರಬೇಕು. ಏದುಸಿರು ಬಿಡುತ್ತ ಬಾಗಿಲಿಗೆ ಬಂದ ಅವನು, ಯಾವ ಆಟದ ಮಾತೆಂದು ಕೂಡ ಕೇಳದೆ, "ಮೂವರೂ ಹೇಳುತ್ತಿರುವುದು ತಪ್ಪು!" ಎಂದ.

"ಬನ್ನಿ ಭಾವಾ, ಕೂತ್ಕೊಳ್ಳಿ," ಎಂದು ಅವಳು ಇನ್ನೊಂದು ಎಲೆ ಹಾಕಿ, ಒಳಗೆ ಹೋಗಿ ಮತ್ತೊಮ್ಮೆ ಅನ್ನಕ್ಕೆ ಎಸರಿಟ್ಟಳು.